ಕೊಸರು ಯಾವ ಖಾತೆಗೆ?

ನಾಂಪಲ್ಲಿಯಲ್ಲಿ ಕಾಯಿಪಲ್ಯ ಕೊಳ್ಳುವಾಗ ನಮ್ಮವ್ವ ತೂಕ ಮುಗಿದರೂ ಚೀಲ ಮುಚ್ಚುವುದಿಲ್ಲ, ‘ಕೊಸರು?’ ಅಂತ ನಿಲ್ಲುತ್ತಾಳೆ. ಮಾರುವಾಕೆಯ ಮಾತು ತೆಲುಗು. ಆದರೂ ಎರಡು ಮೆಣಸಿನಕಾಯಿ ಬೀಳುತ್ತವೆ. ತೆಲುಗಿನಲ್ಲೂ ಕೊಸರು ಕೊಸರೇ.

ಹೀಗೆ ಮೇಲೆ ಕೊಡುವುದಕ್ಕೆ ಜಪಾನೀ ಭಾಷೆಯಲ್ಲಿ ‘ಒಮಾಕೆ’ ಎನ್ನುತ್ತಾರೆ. ಮೂಲ, ‘ಮಾಕೆರು’ ಎಂಬ ಕ್ರಿಯಾಪದ. ಅದಕ್ಕೆ ಸೋಲು ಎಂದು ಅರ್ಥ. ಅಂಗಡಿಯಲ್ಲಿ ಬೆಲೆ ಇಳಿಸು ಎಂದೂ ಅರ್ಥ. ಅಂದರೆ ವ್ಯಾಪಾರಿ ಗಿರಾಕಿಗೆ ಸೋತು ಕೊಟ್ಟದ್ದು! ಅವರಲ್ಲಿ ಸಮೃದ್ಧವಾದದ್ದಕ್ಕೆ ‘ಯುತಾಕಾ’, ಕೈಬಿಚ್ಚಿ ಕೊಡುವ ಗುಣಕ್ಕೆ ‘ಕಿಮಾಎ’ ಎಂದು ಬೇರೆ ಬೇರೆ ಪದಗಳಿವೆ. ನಮಗೆ ಎರಡಕ್ಕೂ ‘ಧಾರಾಳ’ ಒಂದೇ ಸಾಕು: ಮಳೆಯೂ ಧಾರಾಳ, ಮನಸ್ಸೂ ಧಾರಾಳ.

ಕಾಮರ್ಸ್ ಓದುವ ನಾನು ಒಮ್ಮೆ, ‘ಅವ್ವಾ, ಕೊಸರು ಅಂದ್ರ ಆಕಿಗೆ ಲುಕ್ಸಾನ’ ಎಂದೆ. ‘ಲುಕ್ಸಾನ ಹ್ಯಾಂಗ? ದಿನಾ ಆಕಿ ಹತ್ರಾನ ಹೋಗ್ತೀನಲ್ಲ!’ ಅಂದಳು. ನನ್ನ ಜಮಾ-ಖರ್ಚಿನ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಈಗ ದೊಡ್ಡ ಅಂಗಡಿಗಳಲ್ಲಿ ಯಂತ್ರ ತೂಗಿ ಚೀಟಿ ಕೊಡುತ್ತದೆ. ರಿಯಾಯಿತಿ ಉಂಟು, ಕೊಸರಿಲ್ಲ. ರಿಯಾಯಿತಿ ಎಲ್ಲರಿಗೂ ಒಂದೇ. ಕೊಸರು ಮುಖ ನೋಡಿ ಕೊಡುವುದು. ನನ್ನ ತಂಗಿಗೆ ಆಗಲೇ ಈ ಪದ ಗೊತ್ತಿಲ್ಲ. ನಾಳೆ ಅವಳ ಕೈಗೇ ಚೀಲ ಕೊಟ್ಟು ಅವ್ವನ ಜೊತೆ ಕಳಿಸುತ್ತೇನೆ.