ಕಟ್ಟಕಡೆಯ ಪದರ

ಹಲಗೆಗೆ ಬೈರಿಗೆ ಹಾಕುವ ಬಡಗಿಯು ಅದರ ಅಡಿಗೆ ಬೇಡವಾದ ಮರದ ತುಂಡೊಂದನ್ನು ಒತ್ತಿಟ್ಟುಕೊಳ್ಳುವುದುಂಟು. ಮೊನೆಯು ಎಷ್ಟೇ ಸುಗಮವಾಗಿ ಇಳಿದು ಬಂದರೂ ಅಡಿಯ ಮೈಯನ್ನು ಭೇದಿಸುವ ಕ್ಷಣದಲ್ಲಿ, ಆಸರೆಯಿಲ್ಲದ ಕಡೆಯ ನಾರುಗಳು ಕೊಯ್ದುಹೋಗದೆ ಸಿಬಿರೇಳುವುವೆಂಬುದು ಅವನ ಅನುಭವಸಿದ್ಧವಾದ ಜ್ಞಾನ. ವಿಮಾನಗಳನ್ನು ಕಟ್ಟುವವರನ್ನು ಇಂದು ಕಾಡುತ್ತಿರುವುದೂ ಇದೇ ಸಂಕಟ.

ಕೇವಲ 5ರಿಂದ 7 ಮೈಕ್ರೋಮೀಟರ್ ದಪ್ಪದ ಕಾರ್ಬನ್ ಎಳೆಗಳನ್ನು ಎಪಾಕ್ಸಿ ರಾಳದಲ್ಲಿ ನೆನೆಸಿ, ಪದರದ ಮೇಲೆ ಪದರವನ್ನಿಟ್ಟು, ಕಾಯಿಸಿ ಒತ್ತಿ ಗಟ್ಟಿಗೊಳಿಸಿದ ಸಂಯುಕ್ತ ದ್ರವ್ಯವು ಎಳೆಯ ದಿಕ್ಕಿನಲ್ಲಿ, ತೂಕಕ್ಕೆ ತೂಕವಿಟ್ಟು ನೋಡಿದರೆ, ಉಕ್ಕನ್ನೂ ಮೀರಿಸುವಷ್ಟು ಬಲಿಷ್ಠವಾದುದು. ಪದರ ಪದರಗಳ ನಡುವೆಯಾದರೋ ಅಂಟಿನ ಬಲವಲ್ಲದೆ ಬೇರೆ ಬಲವಿಲ್ಲ. ಬೆಂಗಳೂರಿನಲ್ಲಿ ರೂಪುಗೊಂಡು 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ಯುದ್ಧವಿಮಾನದ ರೆಕ್ಕೆಗಳಲ್ಲಿ ಪ್ರಧಾನವಾಗಿರುವುದು ಈ ದ್ರವ್ಯ; ಬೋಯಿಂಗ್ 787ರ ಕಟ್ಟಡದ ತೂಕದಲ್ಲಿ ಇಂಥ ಸಂಯುಕ್ತಗಳ ಪಾಲು ಸುಮಾರು ಅರ್ಧ. ಬಿಡಿಭಾಗಗಳನ್ನು ಬೋಲ್ಟುಗಳಿಂದ ಬಂಧಿಸಬೇಕು, ಬೋಲ್ಟಿಗೆ ರಂಧ್ರ ಬೇಕು. ಬೈರಿಗೆಯ ಮೊನೆಯ ನಟ್ಟನಡುವಿನ ಅಂಚು ಕೊರೆಯುವುದಕ್ಕಿಂತ ಹೆಚ್ಚಾಗಿ ಒತ್ತುತ್ತದೆ. ಕೆಳಗೆ ಒಂದೆರಡು ಪದರಗಳು ಮಾತ್ರ ಉಳಿದಾಗ ಆ ಒತ್ತಡವನ್ನು ತಾಳಲಾರದೆ ಅಂಟು ಬಿಟ್ಟು ಪದರಗಳು ಬೇರ್ಪಡುತ್ತವೆ.

ಬೈರಿಗೆಯನ್ನು ತಿರುಗಿಸುತ್ತಲೇ ಅದರ ಉದ್ದಕ್ಕೂ ಸೆಕೆಂಡಿಗೆ ಸುಮಾರು 20,000 ಸಲ ಕಂಪಿಸುವಂತೆ ಮಾಡುವ ಶ್ರವಣಾತೀತ ಕಂಪನದ ವಿಧಾನವು ಇದಕ್ಕೆ ಕಂಡುಕೊಂಡ ಪರಿಹಾರಗಳಲ್ಲೊಂದು. ಒತ್ತಿದರೆ ವಿದ್ಯುತ್ತನ್ನು ತೋರುವ ಸ್ಫಟಿಕಗಳ ಗುಣವನ್ನು 1880ರಲ್ಲಿ ಕ್ಯೂರಿ ಸಹೋದರರು ಪ್ರಕಟಪಡಿಸಿದರಷ್ಟೆ. ಅದರ ವಿಲೋಮವೇ ಇಲ್ಲಿಯ ಮೂಲ. ವಿದ್ಯುತ್ತಿನ ಏರಿಳಿತಕ್ಕೆ ಹಿಗ್ಗಿ ಕುಗ್ಗುವ ಪಿಂಗಾಣಿ ಬಿಲ್ಲೆಗಳು, ತುದಿಗೆ ಸಪುರವಾಗುತ್ತ ಹೋಗುವ ಲೋಹದ ಕೊಂಬೊಂದರ ಮೂಲಕ ಕಂಪನವನ್ನು ಹಿಗ್ಗಿಸಿ ಮೊನೆಗೆ ಮುಟ್ಟಿಸುವುವು.

ಲೆಕ್ಕವು ನನಗೆ ಬಹಳ ಸುಂದರವಾಗಿ ಕಾಣುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಬೈರಿಗೆಯು ಸುತ್ತಿಗೆ 50 ಮೈಕ್ರೋಮೀಟರ್ ಇಳಿಯುವುದೆನ್ನೋಣ. ಸುತ್ತೊಂದರಲ್ಲಿ 400 ಕಂಪನಗಳಾಗುವುದರಿಂದ ಒಂದು ಕಂಪನದ ಪಾಲಿಗೆ ಬರುವ ಇಳಿತವು ಮೈಕ್ರೋಮೀಟರಿನ ಎಂಟನೆಯ ಒಂದು ಭಾಗ. ಮೊನೆಯು ಮೇಲೆ ಕೆಳಗೆ ಸರಿದಾಡುವುದಾದರೋ 10 ಮೈಕ್ರೋಮೀಟರ್ ಎಂದಿಟ್ಟುಕೊಂಡರೂ ಅದರ 80ರಷ್ಟು! ಆದುದರಿಂದ ಮೊನೆಯು ಪ್ರತಿಸಲವೂ ದ್ರವ್ಯವನ್ನು ತಟ್ಟಿ, ಬಿಟ್ಟು, ಮತ್ತೆ ತಟ್ಟುತ್ತದೆ. ಸರಾಸರಿ ಒತ್ತಡ ತಗ್ಗುತ್ತದೆ, ಉಜ್ಜಾಟದ ಕಾವು ಇಳಿಯುತ್ತದೆ, ಪುಡಿ ಸಡಿಲವಾಗಿ ಹೊರಬರುತ್ತದೆ.

ಬೈರಿಗೆಯನ್ನು ಬದಲಿಸಿದೊಡನೆ ಅದರ ಸಹಜ ಕಂಪನಸಂಖ್ಯೆಯೂ ಬದಲಾಗುವುದರಿಂದ, ವೀಣೆಯ ತಂತಿಯಂತೆ ಯಂತ್ರವನ್ನು ಪ್ರತಿಸಲವೂ ಶ್ರುತಿಗೊಳಿಸಬೇಕು. ಈ ಶ್ರಮವು ಸಾರ್ಥಕವೆಂದು ನಾನು ನಂಬುತ್ತೇನೆ. ಮುಚ್ಚಿದ ರೆಕ್ಕೆಯ ಒಳಮೈಗೆ ಮರದ ತುಂಡನ್ನು ಒತ್ತಿಹಿಡಿಯಲು ಯಾರ ಕೈಯೂ ಹೋಗಲಾರದು.