ಮಾಗಡಿ ಕೆರೆಯೂ ನಮ್ಮ ಛಾಯಾಚಿತ್ರವೂ

ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನಲ್ಲಿ ಮಾಗಡಿ ಎಂಬ ಗ್ರಾಮವುಂಟು. ಮಳೆಯ ನೀರನ್ನು ಕೂಡಿಟ್ಟು ಹೊಲಗಳಿಗೆ ಹಾಯಿಸುವುದಕ್ಕಾಗಿ ಕಟ್ಟಿದ, ಸುಮಾರು 130 ಎಕರೆ ವಿಸ್ತಾರದ ಕೆರೆಯೊಂದು ಅಲ್ಲಿದೆ. ಲಕ್ಕುಂಡಿ, ಲಕ್ಷ್ಮೇಶ್ವರಗಳ ದೇವಾಲಯಗಳನ್ನು ನೋಡಬರುವವರಲ್ಲಿ ಅನೇಕರು ಇದರ ಹೆಸರನ್ನು ಸಹ ಕೇಳಿರಲಾರರು. ಆದಾಗ್ಯೂ, 1971ರಲ್ಲಿ ಇರಾನ್ ದೇಶದ ರಾಮ್ಸರ್ ಪಟ್ಟಣದಲ್ಲಿ ಆದ ಒಪ್ಪಂದದ ಪ್ರಕಾರ ಲೋಕದ ಮುಖ್ಯ ಜೌಗುಭೂಮಿಗಳನ್ನು ಬರೆದಿಡುವ ಪಟ್ಟಿಗೆ ಈ ಕೆರೆಯೂ 2024ರಲ್ಲಿ ಸೇರಿತು.

ಇದಕ್ಕೆ ಕಾರಣವಾದ ಅತಿಥಿಗಳಲ್ಲಿ ಪಟ್ಟೆತಲೆ ಹೆಬ್ಬಾತು ಮುಖ್ಯವಾದದ್ದು. ಅದರ ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿರುವವು. ಮಂಗೋಲಿಯ, ಟಿಬೆಟ್, ಲಡಾಖ್ ಮುಂತಾದ ಸೀಮೆಗಳಲ್ಲಿ ಮರಿಮಾಡುವ ಈ ಹಕ್ಕಿಗಳು ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತವೆ. ಅವು 7000 ಮೀಟರಿಗೂ ಮಿಕ್ಕ ಎತ್ತರದಲ್ಲಿ ಹಾರಿದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ. ವಿರಳವಾದ ಗಾಳಿಯಿಂದಲೂ ಪ್ರಾಣವಾಯುವನ್ನು ಚೆನ್ನಾಗಿ ಹಿಡಿಯುವ ಶಕ್ತಿ ಅವುಗಳ ರಕ್ತಕ್ಕಿದೆ. ರಾತ್ರಿಯಲ್ಲಿಯೂ ನಸುಕಿನಲ್ಲಿಯೂ ಅವು ಹೊಲಗಳಲ್ಲಿ ಮೇಯ್ದು, ಹಗಲಿನಲ್ಲಿ ಕೆರೆಗೆ ಮರಳಿ ವಿಶ್ರಮಿಸುತ್ತವೆ.

ಒಂದು ಚಳಿಗಾಲದಲ್ಲಿ ನಾವು ಒಂಭತ್ತನೆಯ ತರಗತಿಯ ಬಾಲಿಕೆಯರೊಂದಿಗೆ ಅಲ್ಲಿಗೆ ಹೋದೆವು. ಈ ಸಂಚಿಕೆಗೆ ಒಂದು ಒಳ್ಳೆಯ ಛಾಯಾಚಿತ್ರ ಬೇಕೆಂಬ ಆಶೆ ನಮ್ಮಲ್ಲಿಯೇ ಇತ್ತು. ಆದಕಾರಣ, ಕ್ಯಾಮೆರಾ ಹಿಡಿದ ಬಾಲಿಕೆಯು ಏರಿಯಿಂದಿಳಿದು ನೀರಿನಂಚಿಗೆ ನಡೆದಾಗ ನಾವು ತಡೆಯಲಿಲ್ಲ. ಮೊದಲು ಒಂದು ಹಕ್ಕಿ ಕೊರಳೆತ್ತಿತು, ಬಳಿಕ ಹತ್ತು, ಮರುಕ್ಷಣದಲ್ಲಿ ಹಿಂಡೆಲ್ಲವೂ ಕೂಗುತ್ತಾ ಎದ್ದುಹೋಯಿತು. ನಮಗೆ ದೊರೆತದ್ದು ಬರಿದಾದ ನೀರಿನ ಚಿತ್ರ ಮಾತ್ರ.

“ಅಷ್ಟು ದೂರದಿಂದ ಬಂದವುಗಳನ್ನು ನಾವು ಎಬ್ಬಿಸಿಬಿಟ್ಟೆವಲ್ಲಾ” ಎಂದು ಆ ಬಾಲಿಕೆಯು ಮೆಲ್ಲಗೆ ಅಂದಳು. ಆ ತಪ್ಪು ಅವಳದಲ್ಲ, ನಮ್ಮದು. ಹಗಲಿನ ವಿಶ್ರಾಂತಿಯು ಹಕ್ಕಿಗೆ ಆಲಸ್ಯವಲ್ಲ. ವಸಂತದಲ್ಲಿ ಮರಳಿ ಹಿಮಾಲಯವನ್ನು ದಾಟುವುದಕ್ಕೆ ಬೇಕಾದ ಕೊಬ್ಬನ್ನು ಅದು ಈ ತಿಂಗಳುಗಳಲ್ಲಿಯೇ ಕೂಡಿಸಿಕೊಳ್ಳಬೇಕು; ವೃಥಾ ಎದ್ದು ಹಾರಿದಷ್ಟೂ ಆ ಬುತ್ತಿಯು ಕರಗುವುದು.

ಆಮೇಲೆ ನಾವು ಏರಿಯ ಮೇಲೆಯೇ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಮೌನವಾಗಿ ಕುಳಿತೆವು. ಬಹಳ ಹೊತ್ತಿನ ಬಳಿಕ ಹಿಂಡು ತಿರುಗಿ ಬಂದು ನೀರಿಗಿಳಿಯಿತು. ಆಗ ತೆಗೆದ ಚಿತ್ರದಲ್ಲಿ ಹಕ್ಕಿಗಳು ಎಳ್ಳಿನಷ್ಟು ಚಿಕ್ಕವಾಗಿ ಕಾಣುತ್ತವೆ; ಆದರೆ ಕೆರೆಯೂ ಆಚೆಯ ಹೊಲಗಳೂ ಅದರೊಳಗಿವೆ. ತಮ್ಮ ಬೆಳೆಯಲ್ಲಿ ಪಾಲು ಕಳೆದುಕೊಂಡೂ ಇವುಗಳನ್ನು ಸೈರಿಸುವ ರೈತರ ನೆಲವದು.

ಹಳೆಯ ವಿದ್ಯಾರ್ಥಿನಿಯರೇ, ನೀವು ನಿಮ್ಮ ಮಕ್ಕಳನ್ನು ಕರೆದುಕೊಂಡು ಡಿಸೆಂಬರ್ ಅಥವಾ ಜನವರಿಯಲ್ಲಿ ಅಲ್ಲಿಗೆ ಹೋಗಿರಿ. ಏರಿಯನ್ನು ಬಿಟ್ಟು ಕೆಳಗಿಳಿಯಬೇಡಿರಿ. ಒಂದು ಹಕ್ಕಿ ಕೊರಳೆತ್ತಿದರೂ ಅಲ್ಲಿಯೇ ನಿಲ್ಲಿರಿ. ಚಿತ್ರವು ಚಿಕ್ಕದಾದರೆ ಚಿಂತೆಯಿಲ್ಲ.