ಕುಷ್ಟಗಿಯ ನಾಲಿಗೆಗೆ ಏನೂ ಆಗಿಲ್ಲ

‘ನಮ್ಮ ಹುಡುಗಗ ಇಂಗ್ಲಿಷ್ ಓದಾಕ ಬರತೈತ್ರಿ, ಮಾತಾಡಾಕ ಬರಂಗಿಲ್ಲ’ ಎನ್ನುವ ತಂದೆ-ತಾಯಿಯ ಚಿಂತೆ ನಿಜವಾದದ್ದು. ಆ ಚಿಂತೆಯನ್ನೇ ಬಂಡವಾಳ ಮಾಡಿಕೊಂಡ ಸ್ಪೋಕನ್ ಇಂಗ್ಲಿಷ್ ವ್ಯಾಪಾರ ಕೆಲವು ಸುಳ್ಳುಗಳನ್ನೂ ಮಾರುತ್ತಿದೆ.

ತಪ್ಪು ಕಲ್ಪನೆ: ನಮ್ಮ ಕಡೆಯ ಉಚ್ಚಾರ ಅಳಿದರಷ್ಟೇ ಇಂಗ್ಲಿಷ್ ಬಂದಂತೆ.

ವಾಸ್ತವ: ಮಾತಿನಲ್ಲಿ ಊರಿನ ಛಾಯೆ ಇರುವುದು ಬೇರೆ, ಮಾತು ಅರ್ಥವಾಗದಿರುವುದು ಬೇರೆ. ಕೆನಡಾದ ಮುನ್ರೊ ಮತ್ತು ಡರ್ವಿಂಗ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ಪರಭಾಷೆಯ ಛಾಯೆ ದಟ್ಟವಾಗಿದೆ’ ಎಂದು ಕೇಳುಗರು ಹೇಳಿದ ಎಷ್ಟೋ ವಾಕ್ಯಗಳನ್ನು ಅದೇ ಕೇಳುಗರು ಒಂದಕ್ಷರ ತಪ್ಪದೆ ಬರೆದುಕೊಂಡಿದ್ದರು. ಯಾವ ಧ್ವನಿ ಕೆಟ್ಟರೆ ಅರ್ಥ ಕೆಡುತ್ತದೆ ಎಂದು ಭಾಷಾತಜ್ಞೆ ಜೆನಿಫರ್ ಜೆಂಕಿನ್ಸ್ 2000ದ ತಮ್ಮ ಪುಸ್ತಕದಲ್ಲಿ ಪಟ್ಟಿ ಮಾಡಿದರು. ತರಗತಿಗಳಲ್ಲಿ ನಾಲಿಗೆ ಕಚ್ಚಿಸಿ ಹೇಳಿಸುವ ‘ಥಿಂಕ್’, ‘ದಿಸ್’ನ ಮೊದಲ ಧ್ವನಿ ಅದರಲ್ಲಿಲ್ಲ. ಸ್ವರಗಳ ಹ್ರಸ್ವ-ದೀರ್ಘ ಇದೆ. ‘ಶಿಪ್’, ‘ಶೀಪ್’ ಬೇರೆಬೇರೆ ಎಂದು ಯಲಬುರ್ಗಾದ ಹುಡುಗಿಗೆ ಫೀ ಕಟ್ಟಿಸಿಕೊಂಡು ಹೇಳಬೇಕಿಲ್ಲ. ಹ್ರಸ್ವ-ದೀರ್ಘ ಅವಳಿಗೆ ಕನ್ನಡದೊಂದಿಗೇ ಬಂದಿದೆ. ‘ಸ್ಕೂಲ್’ ‘ಇಸ್ಕೂಲ್’ ಆದರೂ ಅರ್ಥ ಕೆಡದು. ‘ಕಾಫಿ’ ‘ಕಾಪಿ’ ಆದರೆ ಪದವೇ ಬದಲಾಗುತ್ತದೆ. ತಿದ್ದಬೇಕಾದದ್ದು ಇಂಥದನ್ನು, ಊರಿನ ಮಾಸ್ತರರೇ ತಿದ್ದಬಲ್ಲರು.

ತಪ್ಪು ಕಲ್ಪನೆ: ಬ್ರಿಟನ್ನಿನವರೆಲ್ಲ ಆಡುವುದು ಒಂದೇ ಶುದ್ಧ ಇಂಗ್ಲಿಷ್.

ವಾಸ್ತವ: ಗ್ಲಾಸ್ಗೊದ ಮಾತು ಲಂಡನ್ನಿನದಲ್ಲ, ಲಿವರ್‌ಪೂಲಿನದೂ ಅಲ್ಲ. ನಮ್ಮಲ್ಲಿ ಮಾದರಿ ಎಂದು ತೋರಿಸುವ ಉಚ್ಚಾರವನ್ನು ಅಲ್ಲಿ ಆಡುವವರೇ ಕಡಿಮೆ.

ತಪ್ಪು ಕಲ್ಪನೆ: ಭಾರತೀಯ ಉಚ್ಚಾರವಿದ್ದರೆ ಐಇಎಲ್‌ಟಿಎಸ್‌ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ.

ವಾಸ್ತವ: ಅದರ ಮಾತಿನ ಪರೀಕ್ಷೆಗೆ ಸಮತೂಕದ ನಾಲ್ಕು ಮಾನದಂಡಗಳಿವೆ: ಸರಾಗತೆ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರ. ಉಚ್ಚಾರದಲ್ಲಿ ನೋಡುವುದು ಮಾತು ಎಷ್ಟು ಸಲೀಸಾಗಿ ತಿಳಿಯುತ್ತದೆ ಎಂಬುದನ್ನು. ಬ್ರಿಟಿಷರಂತೆ ಕೇಳಿಸಬೇಕೆಂಬ ನಿಯಮವಿಲ್ಲ.

ತಪ್ಪು ಕಲ್ಪನೆ: ಕನ್ನಡ ಸಾಲಿ ಕಲಿತವರಿಗೆ ದುಬಾರಿ ಕೋರ್ಸೇ ದಾರಿ.

ವಾಸ್ತವ: ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದಲೇ ಒಂದನೇ ತರಗತಿಯಲ್ಲಿ ಇಂಗ್ಲಿಷ್ ಕಲಿಸಲಾಗುತ್ತಿದೆ. ಮಕ್ಕಳಿಗೆ ಕೊರತೆಯಾಗಿರುವುದು ಬಾಯಿಬಿಟ್ಟು ಮಾತಾಡುವ ಅವಕಾಶ. ಅದು ಕೋಚಿಂಗಿನಲ್ಲಿ ಸಿಕ್ಕೇಬಿಡುತ್ತದೆ ಎನ್ನುವಂತಿಲ್ಲ: 60 ಜನರ ಬ್ಯಾಚಿನಲ್ಲಿ ಒಂದು ತಾಸನ್ನು ಹಂಚಿದರೆ ಒಬ್ಬರಿಗೆ ಒಂದೇ ನಿಮಿಷ. ಉಚ್ಚಾರಕ್ಕೆ ನಕ್ಕರಂತೂ ಆ ಒಂದು ನಿಮಿಷವೂ ಮೌನದಲ್ಲೇ ಕಳೆಯುತ್ತದೆ. ನನಗೆ ಅತಿ ಹೆಚ್ಚು ನೋವು ತರುವುದು ಇದೇ. ಫೀ ಕಟ್ಟುವ ಮುಂಚೆ ಕೋಚಿಂಗಿನವರನ್ನು ಎರಡು ಮಾತು ಕೇಳಿ: ನಮ್ಮ ಮಗು ದಿನಕ್ಕೆ ಎಷ್ಟು ಹೊತ್ತು ಮಾತಾಡುತ್ತದೆ? ತಪ್ಪಿದಾಗ ನೀವು ಏನು ಮಾಡುತ್ತೀರಿ?